ಇಳಿತದ ಹೊತ್ತು

ಡಿಸೆಂಬರ್ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ಕಚೇರಿಯಲ್ಲಿ ಜೊತೆಗಿದ್ದವರು, ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರು, ಅವರ ನೆಂಟರು. "ನಿಮ್ಮೂರ ಕಡೆ ಹೊರಟಿದ್ದೇವೆ, ಮೂರು ದಿನ ಇದೆ. ಏನೇನು ನೋಡಬೇಕು ಅಂತ ಸ್ವಲ್ಪ ಬರೆದು ಕಳಿಸಿ." ಮೊದಮೊದಲು ಉದ್ದದ ಪಟ್ಟಿಯನ್ನೇ ಕಳಿಸುತ್ತಿದ್ದೆ. ಕಾರವಾರದ ಕಡಲತೀರ, ಗೋಕರ್ಣ, ಓಂ ಬೀಚು, ಮಿರ್ಜಾನ ಕೋಟೆ, ಹೊನ್ನಾವರ, ಮುರ್ಡೇಶ್ವರ. ಅವರು ಎಲ್ಲವನ್ನೂ ಸುತ್ತಿ ಬಂದು ಫೋಟೊ ತೋರಿಸುತ್ತಿದ್ದರು. ಕಡಲು ಚೆನ್ನಾಗಿಯೇ ಬಂದಿರುತ್ತಿತ್ತು. ಆದರೆ ನಾನು ಹುಟ್ಟಿ ಬೆಳೆದ ಸೀಮೆ ಆ ಫೋಟೊಗಳಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ಈಗ ಪಟ್ಟಿಯ ತಲೆಯ ಮೇಲೆ ಒಂದು ಸಾಲು ಸೇರಿಸುತ್ತೇನೆ: ತದಡಿಗೆ ಹೋಗಿ, ಇಂದು ಇಳಿತ ಎಷ್ಟು ಹೊತ್ತಿಗೆ ಎಂದು ಯಾರನ್ನಾದರೂ ಕೇಳಿ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳಿ.

ಉತ್ತರ ಕನ್ನಡದ ಕಡಲಂಚನ್ನು ಘಟ್ಟದಿಂದ ಇಳಿದುಬರುವ ನಾಲ್ಕು ದೊಡ್ಡ ಹೊಳೆಗಳು ಅಲ್ಲಲ್ಲಿ ಕಡಿದಿವೆ. ಕಾರವಾರದಲ್ಲಿ ಕಾಳಿ, ಅಂಕೋಲೆಗೂ ಗೋಕರ್ಣಕ್ಕೂ ನಡುವೆ ಗಂಗಾವಳಿ, ಕುಮಟೆಯ ಬಳಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಅಪ್ಪ ಹೈಸ್ಕೂಲು ಮಾಸ್ತರರಾಗಿದ್ದರು. ಅವರಿಗೆ ವರ್ಗವಾಯಿತೆಂದರೆ ನಾವು ಇನ್ನೊಂದು ಹೊಳೆಯನ್ನು ದಾಟಿದೆವೆಂದು ಲೆಕ್ಕ. ನಾನು ಒಂದನೇ ಇಯತ್ತೆ ಕಲಿತದ್ದು ಗಂಗಾವಳಿಯ ಈಚೆ, ಐದನೆಯದು ಆಚೆ, ಮೆಟ್ರಿಕ್ ಕಾರವಾರದಲ್ಲಿ. ಹೆದ್ದಾರಿಯ ಮೇಲೆ ಸೇತುವೆಗಳು ಒಂದೊಂದಾಗಿ ಬಂದವು. ಆದರೆ ಹೆದ್ದಾರಿ ಬಿಟ್ಟು ಕಡಲ ಕಡೆ ತಿರುಗಿದರೆ, ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಬಾಯಲ್ಲಿ, ದಾಟುವುದಕ್ಕೆ ಇದ್ದದ್ದು ತಾರಿಯೊಂದೇ. ಹೊಳೆ ದಾಟುವ ಜಾಗವೂ ನಮಗೆ ತಾರಿಯೇ, ದಾಟಿಸುವ ದೋಣಿಯೂ ತಾರಿಯೇ. "ತಾರಿ ತಪ್ಪಿತು" ಎಂದರೆ ಬಸ್ಸು ತಪ್ಪಿದ್ದಕ್ಕಿಂತ ದೊಡ್ಡ ಸುದ್ದಿ.

ಅಜ್ಜಿಮನೆ ಇದ್ದದ್ದು ಅಘನಾಶಿನಿ ಊರಿನಲ್ಲಿ. ಹೊಳೆಯ ಹೆಸರೇ ಊರಿಗೂ. ಬೇಸಿಗೆ ರಜೆ ಶುರುವಾದ ಮಾರನೆಯ ದಿನವೇ ಆಯಿ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಹೊರಡುತ್ತಿದ್ದಳು. ಗೋಕರ್ಣದಿಂದ ತದಡಿಗೆ ಬಸ್ಸು. ಇಳಿದ ಕೂಡಲೇ ಒಣಮೀನಿನ ವಾಸನೆ, ಬಲೆ ಹೆಣೆಯುತ್ತ ಕುಳಿತ ಮುದುಕರು, ಆಮೇಲೆ ಹೊಳೆ. ಆಚೆ ದಡದ ತೆಂಗಿನ ಸಾಲಿನ ಹಿಂದೆ ಅಜ್ಜಿಮನೆಯ ಹಂಚು ಕಾಣುತ್ತದೆ ಎಂದು ನಾನು, ಕಾಣುವುದಿಲ್ಲ ಎಂದು ತಮ್ಮ. ದೋಣಿ ಆಚೆ ಇದ್ದರೆ ಕಾಯಬೇಕು. ಇಳಿತದ ಹೊತ್ತಾದರೆ ಇನ್ನೂ ಹೆಚ್ಚು ಕಾಯಬೇಕು, ಯಾಕೆಂದರೆ ನಡುವೆ ಮರಳದಿಬ್ಬ ಏಳುತ್ತದೆ, ದೋಣಿ ಅದನ್ನು ಬಳಸಿಕೊಂಡು ಬರಬೇಕು. ಆಯಿಗೆ ನೀರೆಂದರೆ ಅಂಜಿಕೆ. ದೋಣಿಯ ಅಡ್ಡಹಲಗೆಯ ಮೇಲೆ ನಮ್ಮಿಬ್ಬರ ರಟ್ಟೆ ಹಿಡಿದು ಕೂತರೆ ಆಚೆ ದಡ ಮುಟ್ಟುವವರೆಗೂ ಮಾತಿಲ್ಲ. ಅದೇ ಹೊಳೆಯ ದಂಡೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟು ಅಂಜಿಕೆ ಏಕೆಂದು ಆಗ ನನಗೆ ತಿಳಿಯುತ್ತಿರಲಿಲ್ಲ. ಹೊಳೆಯನ್ನು ಚೆನ್ನಾಗಿ ಬಲ್ಲವಳಾದ್ದರಿಂದಲೇ ಅಂಜುತ್ತಿದ್ದಳೆಂದು ಈಗ ಅನ್ನಿಸುತ್ತದೆ.

ಅಜ್ಜಿ ಗಡಿಯಾರ ನೋಡುತ್ತಿರಲಿಲ್ಲ. ತಿಥಿ ಎಣಿಸಿ, ಭರತ ಎಷ್ಟು ಹೊತ್ತಿಗೆ ಇಳಿತ ಎಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದಳು. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಆ ಲೆಕ್ಕ ಅವಳ ಮೈಯಲ್ಲೇ ಇತ್ತು. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಬಹಳ ಏರಿ ಬಹಳ ಇಳಿಯುತ್ತದೆ. ಅಂಥ ದಿನ ಅಕ್ಕಪಕ್ಕದ ಮನೆಗಳ ಹೆಂಗಸರೆಲ್ಲ ಸೀರೆಯನ್ನು ಮೊಣಕಾಲ ಮೇಲೆ ಕಟ್ಟಿ, ಬೋಗುಣಿ ಬುಟ್ಟಿ ಹಿಡಿದು ಹೊಳೆಗೆ ಇಳಿಯುತ್ತಿದ್ದರು. ಬಳಚು ಆರಿಸುವುದಕ್ಕೆ. ಚಿಪ್ಪಿನೊಳಗೆ ಮಾಂಸ ಇರುವ ಈ ಜೀವಕ್ಕೆ ತೆಂಕಕ್ಕೆ ಹೋದರೆ ಮರುವಾಯಿ ಎನ್ನುತ್ತಾರೆ, ಕಾರವಾರದ ಕೊಂಕಣಿಯಲ್ಲಿ ತಿಸ್ರ್ಯೊ. ನಮಗೆ ಬಳಚು.

ಮೊದಲ ಸಲ ಅಜ್ಜಿಯ ಜೊತೆ ಇಳಿದಾಗ ನನಗೆ ಒಂಬತ್ತು ವರ್ಷ. ಮೊಣಕಾಲುದ್ದ ನೀರು, ಕೆಳಗೆ ಕೆಸರು ಬೆರೆತ ಮರಳು. ನಾನು ಬಗ್ಗಿ ನೀರೊಳಗೆ ಕಣ್ಣು ನೆಟ್ಟು ಹುಡುಕುತ್ತಿದ್ದೆ. ನೀರು ಕದಡಿ ಏನೂ ಕಾಣುತ್ತಿರಲಿಲ್ಲ. ಅಜ್ಜಿ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದಳು. "ಕಾಲಲ್ಲಿ ನೋಡೂದು ತಂಗಿ, ಕಣ್ಣಲ್ಲಿ ಅಲ್ಲ." ಹಾಗೆಂದು ಅವಳು ಎದುರಿನ ಗುಡ್ಡ ನೋಡುತ್ತ, ಯಾರದೋ ಮನೆಯ ಮದುವೆಯ ವಿಷಯ ಮಾತಾಡುತ್ತ, ಅಂಗಾಲನ್ನು ಮರಳಲ್ಲಿ ನಿಧಾನವಾಗಿ ಒತ್ತಿ ಒತ್ತಿ ಸರಿಯುತ್ತಿದ್ದಳು. ನಡುನಡುವೆ ನಿಂತು, ಬಗ್ಗಿ, ಕಾಲ ಕೆಳಗಿನಿಂದ ಒಂದು ಹಿಡಿ ಎತ್ತಿ ಬೋಗುಣಿಗೆ ಹಾಕುತ್ತಿದ್ದಳು. ಬೋಗುಣಿ ಅವಳ ಸೊಂಟಕ್ಕೆ ಕಟ್ಟಿದ ಹುರಿಯ ತುದಿಯಲ್ಲಿ ನೀರ ಮೇಲೆ ತೇಲುತ್ತ ಹಿಂದೆಯೇ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಹೆಬ್ಬೆರಳಿಗೂ ಏನೋ ಗಟ್ಟಿಯಾದದ್ದು ತಾಗಿತು. ಕಲ್ಲಲ್ಲ, ಕಲ್ಲಿಗೆ ಅಷ್ಟು ನಯ ಇರುವುದಿಲ್ಲ. ಹೆಕ್ಕಿ ಎತ್ತಿದೆ. ಕಂದು ಗೆರೆಗಳ ಚಿಪ್ಪು, ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ಅಂದು ರಾತ್ರಿಯ ಸುಕ್ಕೆಯಲ್ಲಿ ನಾನು ಆರಿಸಿದ ಹನ್ನೊಂದು ಬಳಚೂ ಇದ್ದವು. ಎಣಿಸಿಯೇ ಅಜ್ಜಿಗೆ ಕೊಟ್ಟಿದ್ದೆ.

ಅಷ್ಟು ಬಳಚು ಅಲ್ಲಿ ಏಕಿತ್ತೆಂಬುದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಸಿರಸಿಯ ಕಡೆಯಿಂದ ಹೊರಟು, ಉಂಚಳ್ಳಿಯಲ್ಲಿ ಜೋಗದಂತೆ ಧುಮುಕಿ ಕಡಲಿಗೆ ಬರುವ ಅಘನಾಶಿನಿಗೆ ದಾರಿಯಲ್ಲೆಲ್ಲೂ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ತುಂಬಿ ಬಂದು ಅಳಿವೆಯ ಉಪ್ಪನ್ನು ತಳ್ಳಿಬಿಡುತ್ತದೆ. ಮಳೆ ನಿಂತ ಮೇಲೆ ಕಡಲು ಭರತ ಭರತಕ್ಕೂ ಸ್ವಲ್ಪ ಸ್ವಲ್ಪವೇ ಒಳಗೆ ಬಂದು ಉಪ್ಪು ಮರಳುತ್ತದೆ. ಈ ಏರಿಳಿತಕ್ಕೆ ಒಗ್ಗಿದ ಜೀವ ಬಳಚು. ಶರಾವತಿಯ ಕತೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಆಯಿತು, ಆಮೇಲೆ ಗೇರುಸೊಪ್ಪೆಯಲ್ಲೂ ಅಣೆಕಟ್ಟು ಬಂತು. ಕರೆಂಟು ಮಾಡಿದ ನೀರು ಬೇಸಿಗೆಯಲ್ಲೂ ಬಿಡದೆ ಕೆಳಗೆ ಹರಿಯುವುದರಿಂದ ಹೊನ್ನಾವರದ ಅಳಿವೆಯ ಉಪ್ಪು ತೆಳುವಾಯಿತು, ಬಳಚು ಬಹುತೇಕ ಇಲ್ಲವಾಯಿತು. ಅಲ್ಲಿಯ ಹೆಂಗಸರು ಯಾರನ್ನೂ ದೂರಲಿಲ್ಲ, ಯಾಕೆಂದರೆ ಯಾರನ್ನು ದೂರಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೆಂಗಳೂರಿನ ನನ್ನ ಮನೆಯಲ್ಲಿ ದೀಪ ಉರಿಯುವಾಗ ಈ ಲೆಕ್ಕ ನನಗೆ ಆಗಾಗ ನೆನಪಾಗುತ್ತದೆ.

2024ರ ಜನವರಿ ಕೊನೆಗೆ ಅಘನಾಶಿನಿಯ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು, ಜಗತ್ತಿನ ಮುಖ್ಯ ಜೌಗುಭೂಮಿಗಳಲ್ಲಿ ಒಂದೆಂದು. 4,801 ಹೆಕ್ಟೇರ್. ಇದೇ ತದಡಿಗೆ ಉಷ್ಣವಿದ್ಯುತ್ ಸ್ಥಾವರದ ಮಾತು ಬಂದು, ಆಮೇಲೆ ದೊಡ್ಡ ಬಂದರಿನ ಮಾತು ಬಂದು, ಊರವರು ಎದ್ದು ನಿಂತು ಬೇಡ ಎಂದ ದಿನಗಳನ್ನು ಕಂಡವಳು ನಾನು. ಪತ್ರಿಕೆಯಲ್ಲಿ ರಾಮ್ಸಾರ್ ಸುದ್ದಿ ಓದಿದಾಗ, ಸೊಂಟಕ್ಕೆ ಹುರಿ ಕಟ್ಟಿಕೊಂಡ ಅಜ್ಜಿಗೆ ಯಾರೋ ಕೊನೆಗೊಮ್ಮೆ ನಮಸ್ಕಾರ ಮಾಡಿದರೆಂದು ಅನ್ನಿಸಿ ಕಣ್ಣು ತುಂಬಿತು.

ಹೊಳೆಯ ಮೇಲ್ಗಡೆಗೆ, ಬಂಡು ಕಟ್ಟಿದ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದರು. ಈಗಲೂ ಮಾಣಿಕಟ್ಟೆಯಂಥ ಕೆಲವು ಊರುಗಳಲ್ಲಿ ಬೆಳೆಯುತ್ತಾರೆ. ಜೂನಿನ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ನಾಟಿಯಿಲ್ಲ, ಗೊಬ್ಬರವಿಲ್ಲ. ಹೊಳೆ ಉಕ್ಕಿ ಕೆಲವು ದಿನ ಮುಳುಗಿಸಿದರೂ ಸಾಯದೆ ಎದೆಯೆತ್ತರ ನಿಲ್ಲುತ್ತದೆ. ಕೊಯ್ಯುವಾಗ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಬಂಡಿನ ಬಾಗಿಲ ಹಲಗೆ ಎತ್ತಿ ಭರತದ ನೀರನ್ನು ಒಳಗೆ ಬಿಟ್ಟರೆ, ಕೊಳೆಯುವ ಆ ಹುಲ್ಲೇ ಸಿಗಡಿಗೂ ಮೀನಿಗೂ ಮೇವು. ಒಂದೇ ಗದ್ದೆ ಆರು ತಿಂಗಳು ಅಕ್ಕಿ, ಆರು ತಿಂಗಳು ಮೀನು. ಕಗ್ಗದ ಅಕ್ಕಿ ಕೆಂಪು, ದಪ್ಪ. ಗಂಜಿಗೆ ಅದರಂಥ ಅಕ್ಕಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ನವೆಂಬರಿನ ಹೊತ್ತಿಗೆ ಆ ಕಡೆ ಹೋದವರು ಬಂಡಿನ ಮೇಲೆ ಒಂದು ಮೈಲಿ ನಡೆಯಲೇಬೇಕು. ಎಡಗಡೆ ಭತ್ತದ ಕೂಳೆ, ಬಲಗಡೆ ಕಾಂಡ್ಲದ ಬೇರು, ಮೇಲೆ ಗಿಡುಗ. ಟಿಕೆಟ್ಟು ಕೇಳುವವರಿಲ್ಲ.

ಉಪ್ಪಿನ ಆಗರವನ್ನೂ ಯಾರೂ ನೋಡಲು ಹೋಗುವುದಿಲ್ಲ. ಗೋಕರ್ಣಕ್ಕೆ ಹೋಗುವ ದಾರಿಯಲ್ಲೇ ಇದೆ ಸಾಣಿಕಟ್ಟೆ. ಯಶವಂತ ಚಿತ್ತಾಲರ ಹನೇಹಳ್ಳಿಯ ಮಗ್ಗುಲಿಗೆ. ಹೊಳೆಯ ಉಪ್ಪುನೀರನ್ನು ಕಾಲುವೆಯಲ್ಲಿ ತಂದು, ಪಾತಿಯಿಂದ ಪಾತಿಗೆ ಬಿಡುತ್ತ, ಬಿಸಿಲಿಗೆ ದಪ್ಪಗಾಗಿಸಿ, ಕೊನೆಯ ಪಾತಿಯಲ್ಲಿ ಹರಳು ಕೂರಿಸುತ್ತಾರೆ. ಏಪ್ರಿಲ್ ಮಧ್ಯಾಹ್ನದ ಉರಿಬಿಸಿಲಲ್ಲಿ ಮರದ ಹಲಗೆಯಿಂದ ಆ ಹರಳನ್ನು ಎಳೆದು ದಂಡೆಗೆ ಹಾಕುವವರ ಕಾಲು ನೋಡಿದ್ದೇನೆ, ಹಿಮ್ಮಡಿಯ ಬಿರುಕಿನಲ್ಲಿ ಉಪ್ಪು ಬಿಳಿಯಾಗಿ ನಿಂತಿರುತ್ತಿತ್ತು. ಮೊದಲ ಮಳೆ ಬಿದ್ದ ದಿನ ಆ ವರ್ಷದ ಕೆಲಸ ಮುಗಿಯಿತು. ಸಾಣಿಕಟ್ಟೆಯ ಉಪ್ಪು ಹಾಲಿನಂತೆ ಬೆಳ್ಳಗಿರುವುದಿಲ್ಲ, ಸ್ವಲ್ಪ ಮಣ್ಣಬಣ್ಣ. ಆದರೆ ಘಟ್ಟದ ಮೇಲಿನವರು ಅಪ್ಪೆಮಿಡಿ ಉಪ್ಪಿನಕಾಯಿಗೆ ಇದೇ ಬೇಕೆಂದು ಮೂಟೆಗಟ್ಟಲೆ ಒಯ್ಯುತ್ತಾರೆ. ಇದೇ ಕಡಲಂಚಿನ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾಯಿದೆ ಮುರಿದರು. ಅಪ್ಪ ಪ್ರತಿವರ್ಷ ಆ ದಿನ ಒಂದು ಹರಳು ಉಪ್ಪನ್ನು ನಮ್ಮಿಬ್ಬರ ನಾಲಗೆಯ ಮೇಲಿಡುತ್ತಿದ್ದರು. ಭಾಷಣ ಮಾಡುತ್ತಿರಲಿಲ್ಲ, ಉಪ್ಪು ಕರಗುವವರೆಗೆ ಬಾಯಿ ಮುಚ್ಚಿಕೊಂಡಿರಿ ಎನ್ನುತ್ತಿದ್ದರು, ಅಷ್ಟೆ. ಮೇ ತಿಂಗಳಲ್ಲಿ ಅಂಕೋಲೆಯ ಮೇಲೆ ಹಾಯ್ದು ಹೋಗುವವರು ದಾರಿಬದಿಯಲ್ಲಿ ಬುಟ್ಟಿ ಇಟ್ಟು ಕೂತ ಹಾಲಕ್ಕಿ ಹೆಂಗಸರಿಂದ ಕರಿ ಇಶಾಡು ಮಾವಿನಹಣ್ಣು ಕೊಳ್ಳದೆ ಮುಂದೆ ಹೋಗಬಾರದು. ಸಿಪ್ಪೆ ತೆಳು, ರಸ ದಪ್ಪ. ದೂರ ಸಾಗಿಸಿದರೆ ಕೆಡುತ್ತದೆ, ಅಲ್ಲೇ ತಿನ್ನಬೇಕು.

ಗೋಕರ್ಣದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ನೆನಪಿರುವುದು ನಸುಕಿನ ಕೋಟಿತೀರ್ಥ, ಪಾಚಿ ಹಿಡಿದ ಮೆಟ್ಟಿಲ ಮೇಲೆ ತಣ್ಣಗೆ ಕಾಲಿಟ್ಟದ್ದು, ರಥಬೀದಿಯ ಮನೆಗಳ ಜಗಲಿ. ಓಂ ಬೀಚಿಗೆ ಆಗ ವಾಹನ ಹೋಗುವ ರಸ್ತೆ ಇರಲಿಲ್ಲ. ಗುಡ್ಡ ಹತ್ತಿ, ಮುಳಿಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಕುಡ್ಲೆ ದಾಟಿ ಹೋಗಬೇಕು. ಮೇಲಿನಿಂದ ನೋಡಿದರೆ ಎರಡು ಅರ್ಧಚಂದ್ರಗಳು ಬಂಡೆಯೊಂದರ ಹತ್ತಿರ ಕೂಡಿಕೊಂಡು ನಿಜಕ್ಕೂ ಓಂಕಾರದ ಹಾಗೆಯೇ ಕಾಣುತ್ತದೆ. ಅಲ್ಲಿಂದ ಹಾಫ್ ಮೂನ್, ಪ್ಯಾರಡೈಸ್ ಎಂದು ಈಗ ಹೆಸರಾದ ಪುಟ್ಟ ಕಡಲಂಚುಗಳು. ಅವನ್ನು ಹೊರದೇಶದ ತರುಣರು ಹಾಗೆ ಕರೆದರು, ಹೆಸರು ಉಳಿಯಿತು. ಇಂದಿಗೂ ಅಲ್ಲಿಗೆ ನಡೆದೇ ಹೋಗಬೇಕು, ಇಲ್ಲವೇ ದೋಣಿಯಲ್ಲಿ. ಮೈಯಲ್ಲಿ ಕಸುವಿದ್ದವರಿಗೆ ನನ್ನ ಸಲಹೆ ಬೇರೆಯೇ. ಕುಮಟೆಯಿಂದ ಕಡಲಂಚು ಹಿಡಿದು ಬಾಡದ ಮೇಲೆ ಅಘನಾಶಿನಿಯವರೆಗೆ ನಡೆಯಿರಿ, ತಾರಿ ದಾಟಿ ತದಡಿಗೆ ಬನ್ನಿ, ಬೇಲೆಕಾನದಿಂದ ಗುಡ್ಡ ಹತ್ತಿ ಒಂದೊಂದೇ ತೀರ ಇಳಿಯುತ್ತ ಗೋಕರ್ಣ ಸೇರಿ. ಎರಡು ದಿನ ಬೇಕು. ಬಂಡೆಯ ಬುಡದಲ್ಲಿ ನಡೆಯುವ ಕಡೆಗಳಲ್ಲಿ ಭರತ ಬಂದರೆ ದಾರಿಯೇ ಇರುವುದಿಲ್ಲ. ಅದಕ್ಕೇ ಇಳಿತ ಕೇಳಿಕೊಂಡು ಹೊರಡಿ ಎನ್ನುವುದು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಯಾವ ತೀರದಲ್ಲೂ ನೀರಿಗೆ ಇಳಿಯಬೇಡಿ. ಆ ದಿನಗಳ ಕಡಲನ್ನು ನಾವು ದಂಡೆಯಲ್ಲಿ ನಿಂತೇ ನೋಡಿದವರು. ಮೀನುಗಾರರೇ ದೋಣಿ ಮೇಲೆಳೆದಿಟ್ಟ ಕಾಲದಲ್ಲಿ ಊರು ನೋಡಬಂದವರು ಅಲೆಯ ಜೊತೆ ಆಡಬಾರದು.

ಕುಡ್ಲೆಯಲ್ಲೂ ಗೋಕರ್ಣದ ದೊಡ್ಡ ತೀರದಲ್ಲೂ ನಾನು ರಂಪಣಿ ಎಳೆಯುವುದನ್ನು ಕಂಡಿದ್ದೇನೆ. ಕಡಲ ಬಣ್ಣ ನೋಡಿ ಬಂಗಡೆಯ ಹಿಂಡು ಬಂದಿದೆ ಎಂದು ಒಬ್ಬ ಕೂಗುತ್ತಿದ್ದ. ದೋಣಿ ದೊಡ್ಡ ಸುತ್ತು ಹಾಕಿ ಬಲೆ ಬಿಟ್ಟು ಬರುತ್ತಿತ್ತು. ದಂಡೆಯಲ್ಲಿ ನೂರರ ಹತ್ತಿರ ಜನ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಿದ್ದರು. ಹಗ್ಗಕ್ಕೆ ಕೈಕೊಟ್ಟ ಮಗುವಿಗೂ ಪಾಲು ಉಂಟು. ತಮ್ಮನಿಗೆ ಒಮ್ಮೆ ನಾಲ್ಕು ಬಂಗಡೆ ಸಿಕ್ಕಿ, ಅಂಗಿಯಲ್ಲಿ ಸುತ್ತಿ ತಂದಿದ್ದ. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು, ಹಿಂಡು ದಂಡೆಗೆ ಬರುವ ಮೊದಲೇ ನಡುಗಡಲಲ್ಲಿ ಹಿಡಿಯತೊಡಗಿದವು. ರಂಪಣಿ ಬಲೆಗಳು ಮನೆಯ ಅಟ್ಟ ಸೇರಿದವು. ಆ ಹಗ್ಗ ಎಳೆದವರ ಮಕ್ಕಳಲ್ಲಿ ಕೆಲವರು ಈಗ ಅದೇ ಮರಳಿನ ಮೇಲೆ ಪ್ರವಾಸಿಗರಿಗೆ ದೋಣಿ ನಡೆಸುತ್ತಾರೆ. ಅವರೊಡನೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಾರವಾರಕ್ಕೆ ನಾವು ಹೋದದ್ದು ನಾನು ಎಂಟನೇ ಇಯತ್ತೆಯಲ್ಲಿದ್ದಾಗ. ಸಂಜೆ ಅಪ್ಪ ಕಡಲಂಚಿನಲ್ಲಿ ನಡೆಸಿಕೊಂಡು ಹೋಗಿ ಟ್ಯಾಗೋರರ ಕತೆ ಹೇಳುತ್ತಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, 22ರ ಹರೆಯದ ರವೀಂದ್ರನಾಥರು ಬಂದು ಉಳಿದಿದ್ದರು. 'ಪ್ರಕೃತಿರ ಪ್ರತಿಶೋಧ' ನಾಟಕ ಬರೆದದ್ದು ಇಲ್ಲೇ. ಇಷ್ಟು ಎಲ್ಲ ಮಾರ್ಗದರ್ಶಿ ಪುಸ್ತಕಗಳಲ್ಲೂ ಇದೆ. ಅಪ್ಪ ಹೇಳುತ್ತಿದ್ದದ್ದು ಅವರ 'ಜೀವನಸ್ಮೃತಿ'ಯಲ್ಲಿ ಬರುವ ಇನ್ನೊಂದು ಸಂಗತಿ. ಬೆಳದಿಂಗಳ ಒಂದು ರಾತ್ರಿ ಅವರೆಲ್ಲ ದೋಣಿಯಲ್ಲಿ ಕಾಳಿ ಹೊಳೆಯ ಮೇಲಕ್ಕೆ ಹೋಗಿ, ಶಿವಾಜಿಯ ಕಾಲದ ಗುಡ್ಡದ ಕೋಟೆಯ ಬುಡದಲ್ಲಿ ಇಳಿದು, ಒಬ್ಬ ರೈತನ ಮನೆಯ ಅಂಗಳದಲ್ಲಿ ಉಂಡು, ಮರಳುವಾಗ ಇಳಿತದ ಸೆಳವಿಗೆ ದೋಣಿ ಬಿಟ್ಟು ತೇಲಿ ಬಂದರು. ಅಳಿವೆ ಮುಟ್ಟುವಷ್ಟರಲ್ಲಿ ಬಹಳ ತಡವಾಯಿತು. ಅಲ್ಲೇ ಇಳಿದು, ಯಾರೂ ಇಲ್ಲದ ಮರಳಿನ ಮೇಲೆ ಮನೆಗೆ ನಡೆದರು. "ನೋಡು, ಕವಿಯೂ ಇಳಿತ ಕಾದೇ ಬಂದದ್ದು" ಎಂದು ಅಪ್ಪ ಹೇಳಿದ ಜಾಗ ಗಾಳಿಮರದ ತೋಪಿನ ಹತ್ತಿರ. ಈಗ ಆ ತೀರಕ್ಕೆ ಟ್ಯಾಗೋರರ ಹೆಸರಿದೆ, ನೌಕಾಪಡೆಯಿಂದ ನಿವೃತ್ತವಾದ ಚಪಲ್ ಯುದ್ಧನೌಕೆ ದಂಡೆಯ ಮೇಲೆ ವಸ್ತುಸಂಗ್ರಹಾಲಯವಾಗಿ ಕೂತಿದೆ, ಮಕ್ಕಳಿಗೆ ಬಹಳ ಇಷ್ಟ. ಸದಾಶಿವಗಡದ ಗುಡ್ಡ ಹತ್ತಿದರೆ ಕಾಳಿ ಕಡಲಿಗೆ ಸೇರುವುದು, ಆಚೆ ದೇವಬಾಗದ ಮರಳಿನ ನಾಲಗೆ, ನಡುಗಡ್ಡೆಗಳು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಅದನ್ನು ಸಂಜೆಗೆ ಇಟ್ಟುಕೊಳ್ಳಿ. ನಾನು ಕಾಲೇಜಿಗೆ ಹೋಗುವ ಕಾಲಕ್ಕೆ ದೊಡ್ಡ ಬೆರಗಾಗಿದ್ದ ಅಲ್ಲಿಯ ಹಳೇ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಕುಸಿದು ಹೊಳೆಗೆ ಬಿತ್ತು. ಅದರೊಡನೆ ಬಿದ್ದ ಲಾರಿಯ ಚಾಲಕನನ್ನು ಜೀವಂತವಾಗಿ ಮೇಲೆ ತಂದರು.

ಮುರ್ಡೇಶ್ವರದ ಎತ್ತರದ ಶಿವ, ನೇತ್ರಾಣಿಯ ಸ್ಕೂಬಾ ಡೈವಿಂಗ್, ಬ್ಲೂ ಫ್ಲ್ಯಾಗ್ ಸಿಕ್ಕ ಕಾಸರಕೋಡು, ಇವುಗಳಿಗೆ ನನ್ನ ಶಿಫಾರಸು ಬೇಕಿಲ್ಲ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲ ಕಾಡಿನೊಳಗೆ ಅರಣ್ಯ ಇಲಾಖೆಯವರು ಹಾಕಿದ ಮರದ ಕಾಲುದಾರಿ ಮಾತ್ರ ಒಳ್ಳೆಯ ಕೆಲಸ. ನೆಲದಿಂದ ಮೇಲಕ್ಕೆ ಮೊಳೆಗಳಂತೆ ಚಾಚಿದ ಕಾಂಡ್ಲದ ಉಸಿರುಬೇರುಗಳನ್ನು ಅಷ್ಟು ಹತ್ತಿರದಿಂದ ನೋಡಲು ಬೇರೆಲ್ಲೂ ಸುಲಭವಿಲ್ಲ. ಅಲ್ಲಿಗೆ ಹೋದಾಗ ತಲೆಯೆತ್ತಿದರೆ, ಎರಡು ಕಿಲೋಮೀಟರಿಗೂ ಉದ್ದದ ರೈಲು ಸೇತುವೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಓಡತೊಡಗಿದ ಮೇಲೆಯೇ ಮುಂಬಯಿಯಲ್ಲಿದ್ದ ನಮ್ಮ ಮಾವಂದಿರು ವರ್ಷಕ್ಕೆ ಎರಡು ಸಲ ಊರಿಗೆ ಬರುವಂತಾದದ್ದು.

ಸೇತುವೆಯ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. 1989ರ ಜುಲೈ. ನಾನು ಮನೆಯಲ್ಲಿದ್ದೆ. ಬೆಳಿಗ್ಗೆ ಅಂಗಡಿಯೊಂದರ ಫೋನಿಗೆ ಸುದ್ದಿ ಬಂತು, ಅಜ್ಜಿ ಹೋದಳು. ನಾಲ್ಕು ದಿನದಿಂದ ಬಿಡದ ಮಳೆ. ಆಯಿ, ಅಪ್ಪ, ನಾನು ತದಡಿಗೆ ಓಡಿದೆವು. ಹೊಳೆ ಕೆಂಪಾಗಿ ಉಕ್ಕುತ್ತಿತ್ತು. ಮರದ ದಿಮ್ಮಿಗಳು, ಬುಡಮೇಲಾದ ಬಾಳೆಗಿಡಗಳು ತೇಲಿ ಹೋಗುತ್ತಿದ್ದವು, ಅಳಿವೆಯ ಬಾಯಲ್ಲಿ ಕಡಲಿನ ಅಲೆ ಎದುರಾಗಿ ನಿಂತಿತ್ತು. ತಾರಿಯಿಲ್ಲ. ಅಪ್ಪ ಅಂಬಿಗನ ಕೈ ಹಿಡಿದು ಕೇಳಿದರು. ಅವನು ಆಯಿಯ ಮುಖ ನೋಡಲಾರದೆ ಹೇಳಿದ, "ಅಕ್ಕಾ, ದೋಣಿ ಹಾಕೂಕೆ ಆಗೂದಿಲ್ಲ. ನನ್ ಅವ್ವಿಯೇ ಹೋದ್ರೂ ಇವತ್ತು ಹಾಕೂದಿಲ್ಲ." ಅವನ ಮಾತು ಸರಿಯಿತ್ತು. ಆಯಿ ದಕ್ಕೆಯ ತುದಿಯಲ್ಲಿ ಕೊಡೆ ಹಿಡಿಯದೆ ನಿಂತಿದ್ದಳು. ಮಳೆ ಸ್ವಲ್ಪ ತೆಳುವಾದಾಗ ಆಚೆ ದಡದ ತೆಂಗಿನ ಸಾಲು ಕಾಣುತ್ತಿತ್ತು, ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಬಾಡಿಗೆ ಕಾರು ಹುಡುಕಿ, ಗೋಕರ್ಣ, ಮಾದನಗೇರಿ, ಮಿರ್ಜಾನ, ಕುಮಟೆ ಎಂದು ಸುತ್ತಿ ಹೊರಟೆವು. ಕಣ್ಣೆದುರಿಗೆ ಇದ್ದ ಮನೆಗೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು. ಒಂದು ಕಡೆ ರಸ್ತೆಯ ಮೇಲೆ ನೀರು ಬಂದು ತಾಸುಗಟ್ಟಲೆ ನಿಲ್ಲಬೇಕಾಯಿತು. ನಾವು ಮುಟ್ಟುವಾಗ ಎಲ್ಲ ಮುಗಿದಿತ್ತು. ಮನೆಯವರು ಆದಷ್ಟು ಕಾದಿದ್ದರು, ಮಳೆ ಮತ್ತೆ ಜೋರಾಗುವ ಮೊದಲು ಮುಗಿಸಲೇಬೇಕಾಯಿತು. ಆಯಿ ಅಳಲಿಲ್ಲ. ಹಿತ್ತಲ ಬಾಗಿಲಲ್ಲಿ ಅಜ್ಜಿಯ ಬೋಗುಣಿ ಕವುಚಿಟ್ಟಿತ್ತು, ಹುರಿ ಇನ್ನೂ ಅದರ ಕಿವಿಗೆ ಕಟ್ಟಿಯೇ ಇತ್ತು. ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕತ್ತಲಾಗುವವರೆಗೆ ಕೂತಳು.

ಹೀಗಾಗಿ ತಾರಿಯೇ ಚೆಂದ, ಸೇತುವೆ ಬೇಡ ಎನ್ನುವವರ ಜೊತೆ ನಾನು ದನಿ ಸೇರಿಸಲಾರೆ. ಹೆರಿಗೆ ನೋವಿನಲ್ಲಿ ಇದೇ ದಕ್ಕೆಯಲ್ಲಿ ಕಾದ ಹೆಂಗಸರು ಇದ್ದಾರೆ. ದಿನಾ ಹೊಳೆ ದಾಟಿ ಶಾಲೆಗೆ ಹೋದ ಮಕ್ಕಳಿದ್ದಾರೆ. ಸೇತುವೆ ಬರಲಿ. ಅದರ ಕಂಬಗಳು ಬಳಚಿನ ಮರಳದಿಬ್ಬವನ್ನು ಬಿಟ್ಟು ಇಳಿಯಲಿ, ಹೊಳೆಯ ಬಾಯಿ ಹೊಳೆಯದಾಗಿಯೇ ಇರಲಿ ಎಂದಷ್ಟೇ ಕೇಳುತ್ತೇನೆ. ಊರು ನೋಡಲು ಬಂದವರಿಗೆ ಅವಸರವಿಲ್ಲವಲ್ಲ. ಅವರು ದಕ್ಕೆಯಲ್ಲಿ ಅರ್ಧ ತಾಸು ಕೂತರೆ ಏನೂ ಕೆಡುವುದಿಲ್ಲ. ಪಕ್ಕದಲ್ಲಿ ಮೀನುಬುಟ್ಟಿ ಇಟ್ಟುಕೊಂಡವಳು ತಾನಾಗಿಯೇ ಮಾತಾಡಿಸುತ್ತಾಳೆ, ಯಾವೂರು, ಮಕ್ಕಳೆಷ್ಟು, ಊಟ ಆಯ್ತೋ ಎಂದು.

ಹೋದ ಜನವರಿಯಲ್ಲಿ ತಮ್ಮನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಹತ್ತು ವರ್ಷ, ಬೆಂಗಳೂರಿನ ಮಗು, ಈಜುಕೊಳದ ನೀರು ಮಾತ್ರ ಗೊತ್ತು. ಅಂದಿನ ಇಳಿತ ಮೂರೂವರೆಗೆ ಎಂದು ತದಡಿಯ ಚಹಾ ಅಂಗಡಿಯಲ್ಲಿ ಹೇಳಿದರು. ಬೋಟಿನಲ್ಲಿ ನಮ್ಮ ಜೊತೆ ಎರಡು ಬೈಕು, ಒಂದು ಮೂಟೆ ಈರುಳ್ಳಿ, ಕಾಲೇಜು ಹುಡುಗಿಯರು. ಈಗ ಮಷಿನ್ ಬೋಟು, ಆಚೆ ದಡ ಬೇಗ ಬಂದುಬಿಡುತ್ತದೆ. ನನ್ನ ಕೈ ನನಗೆ ತಿಳಿಯದಂತೆ ಅವಳ ರಟ್ಟೆ ಹಿಡಿದಿತ್ತು. "ಅತ್ತೆ, ಬಿಡು, ನೋಯ್ತದೆ" ಎಂದಳು. ಅಜ್ಜಿಮನೆಯ ಹಂಚು ಈಗ ಇಲ್ಲ, ತಾರಸಿ ಮನೆ ಎದ್ದಿದೆ, ದೂರದಿಂದಲೇ ಕಾಣುತ್ತದೆ.

ದಿಬ್ಬದ ಹತ್ತಿರ ಏಳೆಂಟು ಹೆಂಗಸರು ಸೊಂಟದುದ್ದ ನೀರಲ್ಲಿ ಇದ್ದರು. ನೈಟಿಯ ಮೇಲೆ ಗಂಡಸರ ಅಂಗಿ, ತಲೆಗೆ ಟವೆಲು. ಬೋಗುಣಿಯ ಜಾಗದಲ್ಲಿ ಪ್ಲಾಸ್ಟಿಕ್ ಟಬ್ಬು, ಹುರಿ ಮಾತ್ರ ಅದೇ ಸೊಂಟಕ್ಕೆ. ಈ ವರ್ಷ ಬಳಚು ಹೇಗಿದೆ ಎಂದು ಕೇಳಿದೆ. "ಹೋದ್ ವರ್ಷಕ್ಕಿಂತ ಅಡ್ಡಿಲ್ಲ ಅಕ್ಕಾ, ಆದ್ರೂ ಮೊದಲಿನ ಹಾಗಿಲ್ಲ" ಎಂದಳು ಹತ್ತಿರ ಇದ್ದವಳು. ಮಗು ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ನನ್ನ ಕೈ ಹಿಡಿದು ನೀರಿಗೆ ಇಳಿದಳು. ಕೆಸರು ಬೆರಳ ನಡುವೆ ಬಂದದ್ದಕ್ಕೆ ಒಮ್ಮೆ ಕಿರುಚಿದಳು. ಆಮೇಲೆ ಬಗ್ಗಿ ನೀರೊಳಗೆ ನೋಡತೊಡಗಿದಳು, ಥೇಟ್ ನಾನು ನೋಡಿದ ಹಾಗೆಯೇ. ನಾನು ಬಾಯಿ ತೆರೆಯುವ ಮೊದಲೇ ಆ ಹೆಂಗಸು ಹೇಳಿದಳು, "ಕಣ್ಣು ಮೇಲೆ ಇಡು ತಂಗಿ. ಕಾಲಲ್ಲಿ ನೋಡು."

ಅವಳು ತಲೆಯೆತ್ತಿ ತದಡಿಯ ಬೋಟುಗಳನ್ನು ನೋಡುತ್ತ ಒಂದೊಂದೇ ಹೆಜ್ಜೆ ಒತ್ತುತ್ತ ಹೋದಳು. ಇದ್ದಕ್ಕಿದ್ದಂತೆ ನಿಂತಳು. ನನ್ನ ಕೈ ಬಿಟ್ಟು, ಎರಡೂ ಕೈ ಮುಂದೆ ಚಾಚಿ ಅಲ್ಲಾಡದೆ ನಿಂತಳು.

"ಅತ್ತೆ, ಏನೋ ಸಿಕ್ತು."

"ಕಾಲು ಎತ್ತಬೇಡ," ಎಂದು ಆ ಹೆಂಗಸು ಅವಸರದಿಂದ ಹತ್ತಿರ ಬಂದಳು, "ಹಾಗೇ ಬಗ್ಗು."